ಬಂದರು ಮತ್ತು ಕೋಟು: ಒಂದು ತುಲನಾ ತಖ್ತೆ

ನೀರು ಸರಬರಾಜು ಕಚೇರಿಯ ಖರೀದಿ ವಿಭಾಗದಲ್ಲಿ ಇಪ್ಪತ್ತೊಂದು ವರ್ಷಗಳಿಂದ ಒಂದೇ ಕುರ್ಚಿಯನ್ನು ಸವೆಸುತ್ತಿದ್ದ ಗುಮಾಸ್ತರಿಗೆ ಅಪ್ಪ ಅಮ್ಮ ಒಂದು ಹೆಸರಿಟ್ಟಿದ್ದರು. ಅದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಮಿಕ್ಕ ಲೋಕಕ್ಕೆಲ್ಲ ಅವರು ತಖ್ತೆಪ್ಪ.

ಈ ಬಿರುದು ಸುಮ್ಮನೆ ಬಂದದ್ದಲ್ಲ. ಕಚೇರಿಗೆ ಕುರ್ಚಿ ಬೇಕಾಗಲಿ, ಕೊಳಾಯಿ ಬೇಕಾಗಲಿ, ಇಬ್ಬರು ಸರಬರಾಜುದಾರರನ್ನು ಪಕ್ಕಪಕ್ಕ ನಿಲ್ಲಿಸಿ, ನಡುವೆ ಗೆರೆ ಎಳೆದು, ಅವರವರ ಗುಣದೋಷಗಳನ್ನು ಸಾಲುಸಾಲಾಗಿ ಬರೆದು, ತಳದಲ್ಲಿ ‘ಶಿಫಾರಸು’ ಎಂದು ಒಂದು ಮಾತು ಹೇಳುವ ಹಾಳೆಯೊಂದಿದೆ. ಅದಕ್ಕೆ ತುಲನಾ ತಖ್ತೆ ಎನ್ನುತ್ತಾರೆ. ಪಕ್ಷಪಾತಕ್ಕೆ ಎಡೆಯಾಗಬಾರದೆಂದು ಅದರಲ್ಲಿ ಯಾರ ಹೆಸರನ್ನೂ ಬರೆಯುವಂತಿಲ್ಲ. ಬರೀ ಪಕ್ಷ ‘ಅ’, ಪಕ್ಷ ‘ಬ’. ಈ ವಿದ್ಯೆ ತಖ್ತೆಪ್ಪನವರಿಗೆ ರಕ್ತಗತವಾಗಿಬಿಟ್ಟಿತ್ತು. ಒಮ್ಮೆ ಹಲ್ಲು ಕೀಳಿಸುವ ಮುಂಚೆ ಇಬ್ಬರು ದಂತವೈದ್ಯರ ತಖ್ತೆ ಮಾಡಲು ಕೂತರು. ಅದು ಮುಗಿಯುವ ಹೊತ್ತಿಗೆ ಹಲ್ಲು ತಾನಾಗಿಯೇ ಬಿದ್ದುಹೋಯಿತು. ಮದುವೆಗೆ ಮುಂಚೆ ಎರಡು ಹೆಣ್ಣುಗಳ ತಖ್ತೆ ಮಾಡಿದ್ದರೆಂದೂ, ಅದರಲ್ಲಿ ತಾನು ಪಕ್ಷ ‘ಬ’ ಎಂದೂ ಅವರ ಹೆಂಡತಿಗೆ ಬಲವಾದ ಅನುಮಾನವಿತ್ತು. ತಖ್ತೆಪ್ಪ ಅದನ್ನು ಒಪ್ಪಿಯೂ ಇರಲಿಲ್ಲ, ಅಲ್ಲಗಳೆದೂ ಇರಲಿಲ್ಲ.

ಇಂಥವರಿಗೆ ಒಂದು ಮಂಗಳವಾರ ಬೆಳಗ್ಗೆ ಫೋನಿನಲ್ಲಿ ಸಂದೇಶವೊಂದು ಬಂತು. ಕಳಿಸಿದವನು ಒಡಹುಟ್ಟಿದ ತಮ್ಮ. ಆರು ವರ್ಷಗಳಲ್ಲಿ ಇದೇ ಮೊದಲು.

“ಅಣ್ಣ, ಶನಿವಾರ ಮನೆ ಬದಲಾಯಿಸ್ತಿದ್ದೀವಿ. ಅಟ್ಟದ ಮೇಲೆ ನಮ್ಮ ಹಳೇ ಆಟದ ಮಷಿನ್ ಸಿಕ್ತು. ಬಂದರು, ಕೋಟು ಎರಡೂ ಇದೆ. ಯಾವುದು ಚೆನ್ನಾಗಿತ್ತು? ಈಗಲಾದ್ರೂ ನಿಜ ಹೇಳು. ಶುಕ್ರವಾರದೊಳಗೆ.”

ತಖ್ತೆಪ್ಪ ಅದನ್ನು ನಿಂತು ಓದಿದರು, ಕೂತು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಹೆಂಡತಿ ಹೆಗಲ ಮೇಲಿಂದ ಇಣುಕಿದರು.

“ಇದಕ್ಯಾಕೆ ಇಷ್ಟು ಬೆವರ್ತಿದ್ದೀರಿ? ಎರಡರಲ್ಲಿ ಒಂದು ಹೆಸರು ಹೇಳಿ ಕಳಿಸಿ.”

“ಸುಮ್ನಿರೇ. ತಪ್ಪು ಹೇಳಿದ್ರೆ ಇನ್ನು ಈ ಜನ್ಮದಲ್ಲಿ ಅವನು ಮಾತಾಡಲ್ಲ.”

ಅದು ಇಪ್ಪತ್ತು ವರ್ಷದ ಹಿಂದಿನ ಕಥೆ. ಅಣ್ಣ ತಮ್ಮ ಇಬ್ಬರೂ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿದ್ದರು. ಒಂದು ಕಿಟಕಿ, ಒಂದು ಮಂಚ, ನೆತ್ತಿಯ ಮೇಲೆ ತಟ್ಟಿದರೆ ಮಾತ್ರ ಬಣ್ಣ ತೋರಿಸುವ ಒಂದು ಟೀವಿ. ಅಣ್ಣ ಆಗಷ್ಟೇ ಕಚೇರಿಗೆ ಸೇರಿದ್ದರು, ತಮ್ಮ ಲಿಫ್ಟ್ ರಿಪೇರಿ ಕಲಿಯುತ್ತಿದ್ದ. ಯಾರೋ ಆಡಿ ಬಿಟ್ಟ ವಿಡಿಯೋ ಗೇಮ್ ಯಂತ್ರವೊಂದನ್ನು ಇಬ್ಬರೂ ಸೇರಿ ತಂದಿದ್ದರು. ಅದರ ಜೊತೆ ಬಂದದ್ದು ಎರಡೇ ಆಟ. ಎರಡೂ ಗೂಂಡಾ ಗುಂಪುಗಳ ಕಥೆ. ಡಬ್ಬಿಯ ಮೇಲೆ ಮಾರುದ್ದದ ಹೆಸರುಗಳಿದ್ದವು. ಇವರು ಅವನ್ನು ಬಂದರು ಮತ್ತು ಕೋಟು ಎಂದು ಕರೆದುಕೊಂಡರು.

ಬಂದರು ಅಣ್ಣನ ಪಕ್ಷ. ಅದರಲ್ಲಿ ಹಡಗುಕಟ್ಟೆಯ ಕ್ರೇನು ನಡೆಸುವವನೊಬ್ಬ ಇಡೀ ಊರಿಗೆ ದಾದಾ ಆಗುತ್ತಾನೆ. ಕಣ್ಣಿಗೆ ಬಿದ್ದ ಕಾರೆಲ್ಲ ಅವನದೇ, ಎದುರು ಬಂದವರೆಲ್ಲ ಸತ್ತರು. ಕೋಟು ತಮ್ಮನ ಪಕ್ಷ. ಅದರಲ್ಲೊಬ್ಬ ದರ್ಜಿ. ಗುಂಪಿನ ಯಜಮಾನನಿಗೆ ಕೋಟು ಹೊಲಿದುಕೊಡಲು ಹೋಗಿ ತಾನೇ ಗುಂಪಿನೊಳಗೆ ಸಿಕ್ಕಿಹಾಕಿಕೊಳ್ಳುತ್ತಾನೆ. ಕೊಲೆ ಮಾಡಿ ತಪ್ಪಿಸಿಕೊಳ್ಳುವಾಗಲೂ ಅವನು ಕೆಂಪು ದೀಪ ಕಂಡರೆ ಕಾರು ನಿಲ್ಲಿಸಲೇಬೇಕು, ಇಲ್ಲದಿದ್ದರೆ ಪೊಲೀಸಿನವನು ಹಿಂದೆ ಬೀಳುತ್ತಾನೆ.

“ಥೂ, ಕೊಲೆಗಡುಕನಿಗೆ ಸಿಗ್ನಲ್ ಏನೋ!” ಎನ್ನುವರು ಅಣ್ಣ.

“ನಿನ್ನೋನು ಬರೀ ಸುಡ್ತಾನೆ. ನನ್ನೋನು ಸುಡೋಕೆ ಮುಂಚೆ ಯೋಚನೆ ಮಾಡ್ತಾನೆ” ಎನ್ನುವನು ತಮ್ಮ.

ಭಾನುವಾರ ಪೂರ್ತಿ ಇದೇ ಜಗಳ. ಗಲಾಟೆ ತಾರಕಕ್ಕೇರಿದಾಗ ಬೇಕರಿಯವನು ಪೊರಕೆಯ ಹಿಡಿಯಿಂದ ಕೆಳಗಿನಿಂದ ಸೂರು ಕುಟ್ಟುತ್ತಿದ್ದ. ಬಿಸಿ ಬ್ರೆಡ್ಡಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು, ಒಂದೇ ಮಂಚದ ಮೇಲೆ ನಾಲ್ಕು ಕಾಲುಗಳು ಚಾಚಿಕೊಂಡಿರುತ್ತಿದ್ದವು. ಅಷ್ಟು ಸುಖವಾದ ಜಗಳ ತಖ್ತೆಪ್ಪನವರ ಬಾಳಿನಲ್ಲಿ ಮತ್ತೆ ಸಿಗಲಿಲ್ಲ.

ಆರು ವರ್ಷದ ಹಿಂದೆ ತಮ್ಮನ ಮನೆಗೆ ಊಟಕ್ಕೆ ಹೋದಾಗ ಅವನ ಅತ್ತೆ ಮಾವ ಎಲ್ಲ ಸಾಲಾಗಿ ಕೂತಿದ್ದರು. ನಾಲ್ಕು ಜನ ನಗಲಿ ಎಂದು ತಖ್ತೆಪ್ಪ ಬಾಯಿ ಬಿಟ್ಟರು. “ಇವನ ಕೋಟಿನ ಕೊನೇ ಆಟ ಇವನ ಕೈಲಿ ಆಗ್ಲೇ ಇಲ್ಲ. ನಾನೇ ಕೂತು ಮುಗಿಸಿಕೊಟ್ಟೆ!” ನಾಲ್ಕಲ್ಲ, ಹತ್ತು ಜನ ನಕ್ಕರು. ತಮ್ಮ ತಟ್ಟೆ ಬಿಟ್ಟೆದ್ದು ಹೊರಗೆ ಹೋದವನು ಇವರು ಹೊರಡುವವರೆಗೂ ಒಳಗೆ ಬರಲಿಲ್ಲ. ಆ ಮಾತು ಶುದ್ಧ ಸುಳ್ಳಾಗಿತ್ತು. ಸುಳ್ಳೆಂದು ಹೇಳಲು ಒಂದು ದಿನ ತಡ ಮಾಡಿದರು, ಆಮೇಲೆ ಒಂದು ತಿಂಗಳು, ಆಮೇಲೆ ಆರು ವರ್ಷ.

ಈಗ ತಮ್ಮನೇ ಬಾಗಿಲು ಅರ್ಧ ತೆರೆದಿದ್ದ. ಶುಕ್ರವಾರದೊಳಗೆ ನಿಜ ಹೇಳಬೇಕು. ನಿಜ ಹೇಳಲು ತಖ್ತೆಪ್ಪನವರಿಗೆ ಗೊತ್ತಿದ್ದದ್ದು ಒಂದೇ ದಾರಿ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರು ಮೇಜಿನ ಮೇಲೆ ಹಾಳೆ ಹರಡಿ ಗೆರೆ ಎಳೆದರು. ‘ಸಿಬ್ಬಂದಿ’ ಎಂಬ ಸಾಲಿನಲ್ಲಿ ಪಕ್ಷ ‘ಅ’ ಎದುರು “ನಲವತ್ತು ಜನ, ಕರೆದ ಕೂಡಲೇ ಮೂರು ಕಾರುಗಳಲ್ಲಿ ಹಾಜರು” ಎಂದೂ, ಪಕ್ಷ ‘ಬ’ ಎದುರು “ಹನ್ನೆರಡೇ ಜನ, ಆದರೆ ಎಲ್ಲರೂ ಕೋಟು ಧರಿಸಿರುತ್ತಾರೆ” ಎಂದೂ ಬರೆದರು. ‘ಶಿಸ್ತು’: ‘ಅ’ ಮಾತಿಗೆ ಮುಂಚೆ ಗುಂಡು, ‘ಬ’ ಗುಂಡಿಗೆ ಮುಂಚೆ ಹತ್ತು ನಿಮಿಷ ಮಾತು. ‘ಸಂಚಾರ ನಿಯಮಗಳ ಪಾಲನೆ’: ‘ಅ’ ಇಲ್ಲ, ‘ಬ’ ಕಡ್ಡಾಯ. ‘ಹೆಣಗಳ ವಿಲೇವಾರಿ’: ‘ಅ’ ಬಿದ್ದಲ್ಲೇ ಬಿಡಲಾಗುವುದು, ‘ಬ’ ಸ್ವಂತ ವಾಹನದಲ್ಲಿ ಸಾಗಿಸಿ ನದಿಗೆ. ‘ಪೊಲೀಸರೊಂದಿಗೆ ಸಂಬಂಧ’: ‘ಅ’ ಹದಗೆಟ್ಟಿದೆ, ‘ಬ’ ಸೌಹಾರ್ದಯುತ. ಕೊನೆಯ ಸಾಲು ‘ಅಂತ್ಯ’. ‘ಅ’ ಎದುರು “ಕ್ರೇನಿನಿಂದ ಬಿದ್ದು ಸಾವು” ಎಂದು ಬರೆದರು. ‘ಬ’ ಎದುರು ಬಂದಾಗ ಪೆನ್ನು ನಿಂತಿತು. ತಖ್ತೆಯ ಆ ಮನೆ ಖಾಲಿ ಉಳಿಯಿತು, ಅದರ ಕೆಳಗಿನ ಶಿಫಾರಸೂ ಖಾಲಿ ಉಳಿಯಿತು.

ಅಷ್ಟರಲ್ಲಿ ಸೂಪರಿಂಟೆಂಡೆಂಟರು ಬಾಗಿಲಲ್ಲಿ ಪ್ರತ್ಯಕ್ಷರಾದರು.

“ಏನ್ರೀ ತಖ್ತೆಪ್ಪ, ಪಂಪ್‌ಹೌಸ್ ಕಾವಲುಗಾರರ ತಖ್ತೆ ಎಲ್ರೀ? ಮೇಲಿಂದ ಮೂರು ಸಲ ಫೋನ್ ಬಂತು!”

ಪಂಪ್‌ಹೌಸಿಗೆ ಕಾವಲುಗಾರರನ್ನು ಒದಗಿಸಲು ಎರಡು ಏಜೆನ್ಸಿಗಳು ಮುಂದೆ ಬಂದಿದ್ದವು. ಅವುಗಳ ತಖ್ತೆ ಬೆಳಗ್ಗೆಯೇ ಸಿದ್ಧವಾಗಿ ಅದೇ ಮೇಜಿನ ಮೇಲಿತ್ತು. ತಖ್ತೆಪ್ಪ ಗಡಿಬಿಡಿಯಲ್ಲಿ ಒಂದು ಹಾಳೆಯನ್ನು ಫೈಲಿಗೆ ಸಿಕ್ಕಿಸಿ ಕೊಟ್ಟರು, ಇನ್ನೊಂದನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಇಪ್ಪತ್ತೊಂದು ವರ್ಷದ ನಿಷ್ಕಳಂಕ ಸೇವೆಯಲ್ಲಿ ಅವರ ಕೈ ತಪ್ಪಿದ್ದು ಅದೊಂದೇ ಸಲ, ಆದರೆ ತಪ್ಪಿದ್ದು ಚೆನ್ನಾಗಿಯೇ ತಪ್ಪಿತ್ತು.

ಸಂಜೆ ಮನೆಯಲ್ಲಿ ಹೆಂಡತಿ ಆ ಹಾಳೆ ಬಿಡಿಸಿ ಗಟ್ಟಿಯಾಗಿ ಓದಿದರು. “ಪಕ್ಷ ಅ: ಸೀಟಿ ಒಂದು, ಟಾರ್ಚು ಒಂದು, ಮಳೆಗಾಲಕ್ಕೆ ಛತ್ರಿ. ಇದೇನ್ರೀ, ನಿಮ್ಮ ಗೂಂಡಾಗಳು ಛತ್ರಿ ಹಿಡ್ಕೊಂಡು ಕೊಲೆ ಮಾಡ್ತಿದ್ರಾ?”

ತಖ್ತೆಪ್ಪನವರ ಜೀವ ಬಾಯಿಗೆ ಬಂತು.

“ಹೋಗ್ಲಿ ಬಿಡಿ, ಇನ್ನೊಂದು ಬರೀರಿ” ಎಂದರು ಹೆಂಡತಿ.

“ಬರೆದ್ರೂ ಅದೊಂದು ಮನೆ ಖಾಲೀನೇ ಇರುತ್ತೆ ಕಣೆ” ಎಂದು ತಖ್ತೆಪ್ಪ ತಲೆಯ ಮೇಲೆ ಕೈಹೊತ್ತು ಕೂತರು. ಅದೇಕೆಂದು ಹೇಳಲಿಲ್ಲ.

ಬುಧವಾರ ಕಚೇರಿ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತರು. ಫೈಲು ಆಗಲೇ ಒಂದು ಮಹಡಿ ಹತ್ತಿತ್ತು. ಟಪಾಲು ವಿಭಾಗದಾಕೆ ಕನಿಕರದಿಂದಲೇ ಹೇಳಿದಳು. “ಫೈಲು ಮೇಲೆ ಹೋಗೋದನ್ನ ತಡೆಯೋಕೆ ನನ್ನ ಕೈಲಾಗಲ್ಲ ಸಾರ್. ಕೆಳಗೆ ಬರೋದನ್ನ ಬೇಕಾದ್ರೆ ತಡೀತೀನಿ.” ಆದರೂ ಒಂದು ಕ್ಷಣ ತೆರೆದು ತೋರಿಸಿದಳು.

ಸೂಪರಿಂಟೆಂಡೆಂಟರು ತಮ್ಮ ದುಂಡು ಅಕ್ಷರದಲ್ಲಿ ಟಿಪ್ಪಣಿ ಬರೆದಿದ್ದರು: “ಪರಿಶೀಲಿಸಿದೆ. ಪಕ್ಷ ‘ಬ’ಯಲ್ಲಿ ಸಿಬ್ಬಂದಿ ಕಡಿಮೆಯಿದ್ದರೂ ಶಿಸ್ತು ಹಾಗೂ ಉಡುಪು ಮೆಚ್ಚತಕ್ಕದ್ದು. ಪೊಲೀಸರೊಂದಿಗೆ ಸೌಹಾರ್ದವಿರುವುದು ಕಚೇರಿಗೆ ಅನುಕೂಲ.” ಅದರ ಕೆಳಗೆ ಎಂಜಿನಿಯರು: “ಸಹಮತ. ಆದರೆ ನದಿಯು ನಮ್ಮದೇ ಕುಡಿಯುವ ನೀರಿನ ಮೂಲವಾಗಿರುವುದರಿಂದ, ಹೆಣಗಳ ವಿಲೇವಾರಿಗೆ ಬೇರೆ ಸ್ಥಳ ಸೂಚಿಸುವಂತೆ ಪಕ್ಷ ‘ಬ’ಗೆ ಪತ್ರ ಬರೆಯಬಹುದು.” ಅದರ ಕೆಳಗೆ ಕೆಂಪು ಶಾಯಿಯಲ್ಲಿ: “ಪತ್ರ ಕಳಿಸಲಾಗಿದೆ.”

ತಖ್ತೆಪ್ಪ ತಮ್ಮ ಕುರ್ಚಿಗೆ ಬಂದರು. ಸೂಪರಿಂಟೆಂಡೆಂಟರ ಬಳಿ ಹೋಗಿ ಒಪ್ಪಿಕೊಂಡುಬಿಡಲೇ ಎಂದು ಐದು ಸಲ ಎದ್ದರು, ಐದು ಸಲ ಕೂತರು. ಓದದೆ ಸಹಿ ಮಾಡಿದ್ದೀರಿ ಎಂದು ಮೇಲಿನವರಿಗೆ ಹೇಳುವುದು ಖರೀದಿ ವಿಭಾಗದ ಸಂಪ್ರದಾಯದಲ್ಲಿ ಇರಲಿಲ್ಲ.

ಗುರುವಾರ ಪಕ್ಷ ‘ಬ’ ಆಗಿದ್ದ ಏಜೆನ್ಸಿಯ ಮಾಲೀಕರು ಖುದ್ದಾಗಿ ಬಂದರು. ದಪ್ಪ ಮೀಸೆಯ, ಮೆದು ದನಿಯ ಮನುಷ್ಯ. ಕೈಯಲ್ಲಿ ಕಚೇರಿಯ ಪತ್ರವಿತ್ತು. ತಖ್ತೆಪ್ಪನವರನ್ನು ಮೆಟ್ಟಿಲ ಕೆಳಗೆ ಕರೆದೊಯ್ದು ಅತ್ತಿತ್ತ ನೋಡಿದರು.

“ಸಾರ್, ನಿಮ್ಮ ಎಲ್ಲಾ ಷರತ್ತಿಗೂ ನಾವು ಒಪ್ಪಿದ್ದೀವಿ ಅಂತ ಬರೆದುಕೊಟ್ಟಿದ್ದೀನಿ.”

“ಎಲ್ಲಾ ಷರತ್ತಿಗೂ ಅಂದ್ರೆ? ಓದಿದ್ರಾ?”

“ಓದೋದೇನು ಸಾರ್, ಹದಿನೆಂಟು ವರ್ಷದಿಂದ ಸರ್ಕಾರಿ ಕೆಲಸ ಮಾಡ್ತಿದ್ದೀನಿ. ಷರತ್ತು ಅಂದ್ರೆ ಒಪ್ಪೋದೇ. ಕೋಟು ಹೊಲಿಸ್ತೀವಿ. ಸಿಗ್ನಲ್ ಪಾಲಿಸ್ತೀವಿ. ಈ ಹೆಣದ ವಿಷಯ ಒಂದೇ...” ಅವರು ದನಿ ಇನ್ನಷ್ಟು ತಗ್ಗಿಸಿದರು. “ವಾರಕ್ಕೆ ಎಷ್ಟು ಬೀಳಬಹುದು ಅಂತ ಒಂದು ಅಂದಾಜು ಕೊಟ್ರೆ ಗಾಡಿಗೆ ವ್ಯವಸ್ಥೆ ಮಾಡ್ಕೋಬಹುದು. ನನ್ನ ಹುಡುಗರು ಸಂಸಾರಸ್ಥರು. ಭಾನುವಾರ ಬೀಳದ ಹಾಗೆ ನೋಡ್ಕೊಂಡ್ರೆ ಉಪಕಾರ.”

ತಖ್ತೆಪ್ಪ ಅವರ ಭುಜ ತಟ್ಟಿದರು. ಬಾಯಿ ತೆರೆದರೆ ನಗು ಬರುವುದೋ ಅಳು ಬರುವುದೋ ಅವರಿಗೇ ಖಾತ್ರಿಯಿರಲಿಲ್ಲ.

ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಮೇಡಂ ಕರೆಸಿದರು. ಮೇಡಂ ಎಂದರೆ ಕಚೇರಿಯ ಮುಖ್ಯಸ್ಥೆ. ಗುಂಡುಸೂಜಿ ಓರೆಯಾಗಿದೆಯೆಂದು ಫೈಲು ವಾಪಸ್ ಕಳಿಸಿದವರು. ಕಚೇರಿಗೆ ಬಂದ ಫೈಲನ್ನು ಓದುವ ಕೆಟ್ಟ ಚಾಳಿ ಇದ್ದದ್ದು ಅವರೊಬ್ಬರಿಗೇ. ಒಳಗೆ ಸೂಪರಿಂಟೆಂಡೆಂಟರು ಆಗಲೇ ಕೈಕಟ್ಟಿ ನಿಂತಿದ್ದರು, ಅವರ ಮುಖ ಹರಳೆಣ್ಣೆ ಕುಡಿದಂತಾಗಿತ್ತು.

“ಇದು ನೀವು ಬರೆದದ್ದಾ?”

“ಹೌದು ಮೇಡಂ. ಅದು ಕಾವಲುಗಾರರದ್ದಲ್ಲ ಮೇಡಂ. ಅದು... ವಿಡಿಯೋ ಗೇಮ್ ಮೇಡಂ.”

ಸೂಪರಿಂಟೆಂಡೆಂಟರು ಕಣ್ಣು ಮುಚ್ಚಿಕೊಂಡರು. ಮೇಡಂ ಹಾಳೆಯನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕೂತರು.

“ಪಕ್ಷ ಬ” ಎಂದರು ನಿಧಾನಕ್ಕೆ. “ಸೇತುವೆ ಹತ್ರ ಒಂದು ಸಿಗ್ನಲ್ ಇತ್ತಲ್ಲ. ಎಷ್ಟು ಹೊತ್ತು ನಿಂತ್ರೂ ಹಸಿರಾಗ್ತಿರ್ಲಿಲ್ಲ.”

ತಖ್ತೆಪ್ಪನವರ ಬಾಯಿಯಿಂದ ಉತ್ತರ ತಾನಾಗಿಯೇ ಬಂತು. “ಹಾರ್ನ್ ಎರಡು ಸಲ ಹೊಡೀಬೇಕು ಮೇಡಂ.”

“ಅದನ್ನ ಕಂಡುಹಿಡಿಯೋಕೆ ನಂಗೂ ನಮ್ಮಕ್ಕಂಗೂ ಒಂದು ವಾರ ಆಯ್ತು.” ಮೇಡಂ ಕುರ್ಚಿಗೆ ಒರಗಿದರು. “ಪರೀಕ್ಷೆಗೆ ಓದ್ತಿದ್ದೀವಿ ಅಂತ ಬಾಗಿಲು ಹಾಕ್ಕೊಂಡು ಆಡ್ತಿದ್ವಿ. ಅವಳು ಕಾರು ಓಡಿಸೋದು, ನಾನು ದಾರಿ ಹೇಳೋದು. ಅಮ್ಮ ಬಂದ್ರೆ ಟೀವಿ ಮೇಲೆ ಬೆಡ್‌ಶೀಟು.”

“ಬಂದರಿನ ಮುಂದೆ ಅದೆಲ್ಲ ಏನೂ ಅಲ್ಲ ಮೇಡಂ” ಎಂದು ಒಂದು ದನಿ ಕೇಳಿತು. ಇಬ್ಬರೂ ತಿರುಗಿ ನೋಡಿದರು. ಸೂಪರಿಂಟೆಂಡೆಂಟರು ಕಟ್ಟಿದ ಕೈ ಬಿಚ್ಚಿದ್ದರು. “ಕ್ಷಮಿಸಿ, ಆದ್ರೆ ನ್ಯಾಯ ನ್ಯಾಯವೇ. ಕ್ರೇನಿನ ಕೊಕ್ಕೆಗೆ ಪೊಲೀಸ್ ಜೀಪು ಸಿಕ್ಕಿಸಿ ಸಮುದ್ರಕ್ಕೆ ಬಿಡೋ ಸುಖ ನಿಮ್ಮ ಆ ದರ್ಜಿ ಅಂಗಡೀಲಿ ಎಲ್ಲಿದೆ? ನಮ್ಮ ಹಾಸ್ಟೆಲಿನಲ್ಲಿ ಹದಿನಾರು ಜನ ಸಾಲುಗಟ್ಟಿ ನಿಲ್ತಿದ್ವಿ ಮೇಡಂ!”

ಆಮೇಲೆ ಇಪ್ಪತ್ತು ನಿಮಿಷ ನೀರು ಸರಬರಾಜು ಕಚೇರಿಯಲ್ಲಿ ಯಾವ ಸರಬರಾಜೂ ನಡೆಯಲಿಲ್ಲ. ಮೇಡಂ ಮೇಜು ಗುದ್ದಿ ಕೋಟಿನ ಪರ ವಾದಿಸಿದರು, ಸೂಪರಿಂಟೆಂಡೆಂಟರು ಕುರ್ಚಿಯ ಹಿಂದೆ ಬಗ್ಗಿ ಬಂದರಿನಲ್ಲಿ ಗುಂಡು ತಪ್ಪಿಸಿಕೊಳ್ಳುವುದು ಹೇಗೆಂದು ಮಾಡಿ ತೋರಿಸಿದರು.

“ಅಲ್ಲ ರೀ, ನೀವು ಈ ಅಂತ್ಯದ ಮನೆ ಯಾಕೆ ಖಾಲಿ ಬಿಟ್ಟಿದ್ದೀರಿ?” ಎಂದು ಮೇಡಂ ಉತ್ಸಾಹದಲ್ಲಿ ತಖ್ತೆಪ್ಪನವರ ಕಡೆ ತಿರುಗಿದರು. “ಕೋಟಿನ ಬೆಲೆಯೆಲ್ಲ ಇರೋದೇ ಅಲ್ಲಿ. ಕೊನೇಲಿ ಆ ದರ್ಜಿ—”

“ಬೇಡ ಮೇಡಂ!” ತಖ್ತೆಪ್ಪ ಎರಡೂ ಕಿವಿ ಮುಚ್ಚಿಕೊಂಡು ಕಿರುಚಿದರು. ಇಪ್ಪತ್ತೊಂದು ವರ್ಷದಲ್ಲಿ ಅವರು ದನಿ ಎತ್ತಿದ್ದು ಅದೇ ಮೊದಲು. “ಹೇಳ್ಬೇಡಿ. ನಾನು ನೋಡಿಲ್ಲ.”

ತಖ್ತೆಪ್ಪ ಕಿವಿಯಿಂದ ಕೈ ತೆಗೆದು ಎಲ್ಲವನ್ನೂ ಹೇಳಿದರು. ತಮ್ಮ ಹತ್ತೊಂಬತ್ತು ದಿನ ಬಿಡದೆ ಆಡಿ ಕೊನೆ ಮುಟ್ಟಿದ್ದನ್ನು, ಆ ಸಂಜೆ ಇವರು ಕಚೇರಿಯಿಂದ ದಣಿದು ಬಂದಾಗ “ಅಣ್ಣ, ಕೂತ್ಕೊ, ಕೊನೆ ಬಂತು” ಎಂದು ಮಂಚದಲ್ಲಿ ಜಾಗ ಬಿಟ್ಟಿದ್ದನ್ನು, ತಲೆನೋವಿನ ಸಿಟ್ಟಿನಲ್ಲಿ ಇವರು ಹೋಗಿ ಸ್ವಿಚ್ ಆರಿಸಿದ್ದನ್ನು. ಅದಾದ ಮೇಲೆ ತಮ್ಮ ಕೋಟಿನ ಕೊನೆಯ ಮಾತು ಎತ್ತಲಿಲ್ಲ, ಇವರು ಕೇಳಲೂ ಇಲ್ಲ. ಹದಿನಾಲ್ಕು ವರ್ಷ ಕಳೆದ ಮೇಲೆ ಅವನ ಅತ್ತೆಮನೆಯವರ ಮುಂದೆ ಅದನ್ನು ತಾವೇ ಮುಗಿಸಿದ್ದಾಗಿ ಸುಳ್ಳು ಹೇಳಿ ನಗಿಸಿದ್ದರು.

ಮೇಡಂ ಕನ್ನಡಕ ಏರಿಸಿಕೊಂಡು ಮತ್ತೆ ಮೇಡಂ ಆದರು.

“ಕಾವಲುಗಾರರ ತಖ್ತೆ ಈಗಲೇ ನನ್ನ ಮೇಜಿಗೆ ಬರ್ಬೇಕು. ಆ ಏಜೆನ್ಸಿಯವರಿಗೆ ಹೆಣ ಬೀಳಲ್ಲ ಅಂತ ಪತ್ರ ಬರೀರಿ, ಪಾಪ. ಆಮೇಲೆ ಅರ್ಧ ದಿನ ರಜೆ ಹಾಕಿ ಹೋಗಿ. ಖಾಲಿ ಮನೆ ಇಟ್ಕೊಂಡು ಸೋಮವಾರ ನನ್ನ ಮುಂದೆ ಬರ್ಬೇಡಿ.”

ತಮ್ಮನ ಊರಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಆರು ವರ್ಷದಲ್ಲಿ ಆ ಒಂದೂವರೆ ಗಂಟೆ ತಮಗೆ ಸಿಗಲಿಲ್ಲವಲ್ಲ ಎಂದು ತಖ್ತೆಪ್ಪ ಕಿಟಕಿಯ ಪಕ್ಕ ಕೂತು ತಮ್ಮನ್ನು ತಾವೇ ಬೈದುಕೊಂಡರು. ಬಾಗಿಲು ತೆರೆದವಳು ತಮ್ಮನ ಹೆಂಡತಿ. ಹಿಂದೆ ಹಜಾರದ ತುಂಬ ರಟ್ಟಿನ ಪೆಟ್ಟಿಗೆಗಳು. ಅರ್ಧಕ್ಕರ್ಧ ಇನ್ನೂ ಖಾಲಿ.

“ಬನ್ನಿ ಭಾವ. ನಾಳೆ ಬೆಳಗ್ಗೆ ಲಾರಿ ಬರುತ್ತೆ. ನಿಮ್ಮ ತಮ್ಮ ಒಂದು ತಿಂಗಳಿಂದ ಗಂಟು ಕಟ್ಟೋದು ಬಿಟ್ಟು ಅದರ ಮುಂದೆ ಕೂತಿದ್ದಾರೆ.”

ಟೀವಿಯ ಮುಂದೆ ನೆಲದ ಮೇಲೆ ಕೂತಿದ್ದ ತಮ್ಮ ತಿರುಗಿ ನೋಡಿದ. ತಲೆ ಮುಂದೆಲ್ಲ ಬೋಳಾಗಿತ್ತು. ತಖ್ತೆಪ್ಪ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

“ಯಾವುದು ಚೆನ್ನಾಗಿತ್ತು ಅಂತ ನಂಗೆ ಗೊತ್ತಿಲ್ಲ ಕಣೋ. ಕೋಟಿನ ಕೊನೆ ನಾನು ನೋಡೇ ಇಲ್ಲ. ನೀನು ಕೂತ್ಕೊ ಅಂದಾಗ ಕೂರ್ಲಿಲ್ಲ. ಎಲ್ರ ಮುಂದೆ ನಾನು ಹೇಳಿದ್ದು ಸುಳ್ಳು. ತಪ್ಪಾಯ್ತು.”

ತಮ್ಮ ಆಟದ ಹಿಡಿಯನ್ನು ಕೈಯಲ್ಲಿ ತಿರುವುತ್ತ ಕೂತ.

“ನಾನೂ ನೋಡಿಲ್ಲಣ್ಣ.”

“ಏನು?”

“ಕೊನೇ ಬಾಗಿಲ ಹತ್ರ ನಿಲ್ಲಿಸ್ಕೊಂಡು ನೀನು ಬರೋದನ್ನೇ ಕಾಯ್ತಿದ್ದೆ. ಮಷಿನ್ ಆರಿಸದೇ ಆಡ್ತಿದ್ದೆ, ಸೇವ್ ಮಾಡಿರ್ಲಿಲ್ಲ. ನೀನು ಬಂದೆ, ಆರಿಸಿದೆ. ಹತ್ತೊಂಬತ್ತು ದಿನ ಹೋಯ್ತು.” ಅವನು ಮೂಗು ಒರೆಸಿಕೊಂಡ. “ಅದಕ್ಕೂ ಬೇಜಾರಿಲ್ಲ. ಆಮೇಲೆ ನೀನೇ ಮುಗಿಸಿದೆ ಅಂದೆಯಲ್ಲ, ನನ್ನ ಬಿಟ್ಟು ಒಬ್ನೇ ನೋಡಿಬಿಟ್ಟಿದ್ದಾನೆ ಅಂತ ನಂಬಿದೆ ಕಣೋ. ಅದು ತಡ್ಕೊಳೋಕಾಗ್ಲಿಲ್ಲ.”

ತಖ್ತೆಪ್ಪ ತಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತರು, ಮಂಡಿ ಎರಡೂ ಲಟಲಟ ಎಂದವು. ತಮ್ಮ ಟೀವಿಯ ಕಡೆ ಗದ್ದ ತೋರಿಸಿದ. ತೆರೆಯ ಮೇಲೆ ದರ್ಜಿ ತನ್ನ ಅಂಗಡಿಯ ಬಾಗಿಲ ಮುಂದೆ ನಿಂತಿದ್ದ.

“ಈ ಸಲ ಸೇವ್ ಮಾಡಿದ್ದೀನಿ. ನಡಿ, ನೀನೇ ಒತ್ತು.”

ತಖ್ತೆಪ್ಪ ಒತ್ತಿದರು. ಬಾಗಿಲು ತೆರೆಯಿತು. ಮುದುಕನಾಗಿದ್ದ ಯಜಮಾನ ಒಬ್ಬನೇ ಒಳಗೆ ಬಂದ. ದರ್ಜಿ ತನಗೆ ದ್ರೋಹ ಮಾಡಿದ್ದು ಅವನಿಗೆ ಗೊತ್ತಿತ್ತು. ಗೊತ್ತಿದೆಯೆಂದು ದರ್ಜಿಗೂ ಗೊತ್ತಿತ್ತು. ಮೇಜಿನ ಮೇಲೆ ಕತ್ತರಿ ಇತ್ತು, ಪಕ್ಕದಲ್ಲಿ ಅಳತೆಯ ಟೇಪು. ಮುದುಕ ಬೆನ್ನು ತಿರುಗಿಸಿ ಎರಡೂ ಕೈ ಚಾಚಿ ನಿಂತ. ದರ್ಜಿ ಟೇಪು ಎತ್ತಿಕೊಂಡ. “ಭುಜ ಸ್ವಲ್ಪ ಸಡಿಲ ಇರಲಿ” ಎಂದ ಮುದುಕ. ತೆರೆ ಕಪ್ಪಾಯಿತು. ಅಷ್ಟೇ.

ಅಣ್ಣ ತಮ್ಮ ಇಬ್ಬರೂ ಕಪ್ಪು ತೆರೆಯನ್ನು ನೋಡುತ್ತ ಕೂತರು. ತಖ್ತೆಪ್ಪನವರ ಕಣ್ಣು ತುಂಬಿತ್ತು.

“ಇದೇ ಕಣೋ” ಎಂದರು. “ಇದರ ಮುಂದೆ ಬಂದರು ಏನೂ ಅಲ್ಲ. ನೀನೇ ಸರಿ.”

“ಎಂಥ ಸರಿ!” ತಮ್ಮ ಸಿಡಿದೆದ್ದ. “ಒಂದು ಗುಂಡಿಲ್ಲ, ಗಿಂಡಿಲ್ಲ, ಅಳತೆ ತಗೊಂಡು ಮುಗಿಸಿಬಿಟ್ಟ! ಇಪ್ಪತ್ತು ವರ್ಷ ಇದಕ್ಕಾ ನಾನು ಕಾದಿದ್ದು? ನಿನ್ನ ಬಂದರೇ ಎಷ್ಟೋ ವಾಸಿ. ಕ್ರೇನಿಂದ ಬಿದ್ದ, ಸತ್ತ, ಮುಗೀತು.”

“ಏನಂದೆ? ಬಂದರಿನಲ್ಲಿ ಏನಿದೆಯೋ ಮಣ್ಣು! ಬರೀ ಸುಡೋದು!”

“ಸುಡೋದೇ ಆಟ ಕಣಣ್ಣ! ನಿನ್ನ ದರ್ಜಿ ಇನ್ನೂ ಯೋಚನೆ ಮಾಡ್ತಾ ನಿಂತಿರ್ಲಿ!”

“ನನ್ನ ದರ್ಜಿ ವಿಷಯಕ್ಕೆ ಬಂದ್ರೆ ಸರಿ ಇರಲ್ಲ ನೋಡು!”

ಪಕ್ಕದ ಮನೆಯವರು ಏನಾಯಿತೆಂದು ಕಿಟಕಿ ತೆರೆದರು. ತಮ್ಮನ ಹೆಂಡತಿ ಅಡುಗೆಮನೆಯಿಂದ ಎರಡು ಲೋಟ ಚಹ ತಂದು ಪೆಟ್ಟಿಗೆಯ ಮೇಲೆ ಕುಕ್ಕಿದಳು.

“ನೀವಿಬ್ರೂ ಮಾತು ಬಿಟ್ಟಿದ್ದಾಗಲೇ ಈ ಮನೆ ನೆಮ್ಮದಿಯಾಗಿತ್ತು” ಎಂದಳು. ಕಿಟಕಿಯ ಕಡೆಗೆ ತಿರುಗಿ, ಏನೂ ಇಲ್ಲ, ಇವರ ಅಣ್ಣ ಬಂದಿದ್ದಾರೆ ಎಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.